ಹಡಗು ಹತ್ತಿದ ಕೋತಿಗಳ ತಿಥಿ

ಕಾಗದ ಓದುವ ಕೆಲಸಕ್ಕೆ ಸಂಬಳ ಕೊಡುತ್ತಾರೆ ಎಂದರೆ ನಮ್ಮ ಅಮ್ಮ ನಂಬಲೇ ಇಲ್ಲ. "ಯಾರದೋ ಕಾಗದ ನೀನು ಓದೋದು, ಅದಕ್ಕೆ ಅವ್ರು ಸಂಬಳ ಕೊಡೋದು! ಹೋಗೇ, ಕೇಳಿದವ್ರು ನಗ್ತಾರೆ" ಎಂದು ರೊಟ್ಟಿ ತಟ್ಟುತ್ತಲೇ ಅಂದಳು. ನಗುವವರು ನಗಲಿ ಎಂದು ನಾನು ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಟೇಬಿಟ್ಟೆ. ಮೆಟ್ರಿಕ್ ಪಾಸಾಗಿದ್ದೆ. ಈಗ ಶಿವಾಜಿನಗರ ಎನ್ನುವ ಆಗಿನ ಬ್ಲ್ಯಾಕ್‌ಪಳ್ಳಿಯಲ್ಲಿ ಟೈಪಿಂಗ್ ಕಲಿತಿದ್ದೆ. ತಮಿಳು ಬೀದಿಯಿಂದ ಬಂದಿತ್ತು, ಇಂಗ್ಲಿಷು ಮೇಷ್ಟರಿಂದ ಬಂದಿತ್ತು, ಬಾಯಿ ಮಾತ್ರ ಹುಟ್ಟುವಾಗಲೇ ತಂದದ್ದು. ಇಷ್ಟೆಲ್ಲ ಇದ್ದ ಮೇಲೆ ಹೆದರುವುದು ಯಾಕೆ?

ಯುದ್ಧದ ವರ್ಷಗಳು ಅವು. ಕಂಟೋನ್ಮೆಂಟಿನ ತುಂಬ ಸಿಪಾಯಿಗಳು, ಲಾರಿಗಳು. ಅಕ್ಕಿಗೆ ರೇಷನ್ನು, ಸೀಮೆಎಣ್ಣೆಗೆ ಸಾಲು. ನಮ್ಮ ಮನೆ ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿತ್ತು. ಅಪ್ಪ ಜಟಕಾಗಾಡಿಗಳ ಚಕ್ರ ರಿಪೇರಿ ಮಾಡುತ್ತಿದ್ದರು. ನನಗೆ ಕೆಲಸ ಕೊಟ್ಟದ್ದು ಮಿಲಿಟರಿಯಿಂದ ನಿವೃತ್ತರಾದ ಒಬ್ಬ ಡಾಕ್ಟರು. ಹಲಸೂರು ದಾಟಿದ ಮೇಲೆ ಅವರ ಬಂಗಲೆ, ಅದರಾಚೆಗೆ ಬರೀ ಹೊಲ. ಆ ಹೊಲಗಳನ್ನೇ ಈಗ ಇಂದಿರಾನಗರ ಎನ್ನುತ್ತಾರೆ.

ಡಾಕ್ಟರ ಕಣ್ಣಿಗೆ ಪೊರೆ ಬಂದಿತ್ತು. ಬೆಳಕಿಗೆ ಮುಖ ಮಾಡಿ ಕೂತು ನನ್ನನ್ನು ಅಂದಾಜಿನಲ್ಲಿ ನೋಡಿದರು.

"ಇಂಗ್ಲಿಷ್ ಕೈಬರಹ ಓದಕ್ಕೆ ಬರುತ್ತೇನಮ್ಮಾ? ಡಾಕ್ಟ್ರುಗಳ ಕೈಬರಹ?"

"ಹಣೆಬರಹ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಓದ್ತೀನಿ ಸಾರ್" ಅಂದೆ.

ಅವರು ಗಟ್ಟಿಯಾಗಿ ನಕ್ಕರು. ಅಲ್ಲಿಗೆ ಸಂದರ್ಶನ ಮುಗಿಯಿತು. ಆಳು ಬಂದು ಮಂಚದಡಿಯಿಂದ ಒಂದು ತಗಡಿನ ಪೆಟ್ಟಿಗೆ ಎಳೆದ. ಮುಚ್ಚಳ ತೆಗೆದರೆ ಒಣಗಿದ ಬೇವಿನ ಸೊಪ್ಪು, ಅದರ ಕೆಳಗೆ ದಾರ ಕಟ್ಟಿದ ಕಾಗದದ ಕಟ್ಟುಗಳು. ಗೆದ್ದಲು ಎಷ್ಟು ತಿನ್ನಬೇಕೋ ಅಷ್ಟು ತಿಂದು, ಮಿಕ್ಕದ್ದನ್ನು ನಮಗೆ ಬಿಟ್ಟಿತ್ತು.

ಅವೆಲ್ಲ ಹಳದಿ ಜ್ವರದ ಬಗ್ಗೆ ಬರೆದ ಕಾಗದಗಳು. ಆ ಜ್ವರ ನಮ್ಮ ದೇಶದ್ದಲ್ಲ. ಆಫ್ರಿಕದಲ್ಲೂ ಸಮುದ್ರದಾಚೆಯ ಅಮೆರಿಕದಲ್ಲೂ ಊರಿಗೆ ಊರೇ ಖಾಲಿ ಮಾಡಿದ ಜ್ವರ. ಅದು ಎಲ್ಲಿಂದ ಬರುತ್ತದೆ, ಹೇಗೆ ಹರಡುತ್ತದೆ ಎಂದು ತಲೆ ಕೆಡಿಸಿಕೊಂಡ ಡಾಕ್ಟರುಗಳಲ್ಲಿ ಒಬ್ಬರು ನಮ್ಮ ಡಾಕ್ಟರ ಜೊತೆ ಲಂಡನ್ನಿನಲ್ಲಿ ಓದಿದವರು. ಆ ಗೆಳೆಯ ಆಫ್ರಿಕದ ಪಶ್ಚಿಮ ಕರಾವಳಿಯ ಪ್ರಯೋಗಶಾಲೆಗೆ ಹೋದರು, ಇವರು ಬೆಂಗಳೂರಿಗೆ ಬಂದರು. ಆಮೇಲೆ ಇಬ್ಬರ ನಡುವೆ ಬರೀ ಕಾಗದ. ದೂರದೇಶದ ಒಂದು ವೈದ್ಯಕೀಯ ಗ್ರಂಥಾಲಯದವರು ಈ ಸಂಶೋಧನೆಯ ಚರಿತ್ರೆಗೆಂದು ಹಳೆಯ ಪತ್ರಗಳನ್ನೆಲ್ಲ ಕೂಡಿಹಾಕುತ್ತಿದ್ದರು, ಇವರದನ್ನೂ ಕೇಳಿದ್ದರು. ಯುದ್ಧದಲ್ಲಿ ಹಡಗುಗಳು ಮುಳುಗುತ್ತಿದ್ದುದರಿಂದ ಮೂಲ ಕಾಗದ ಕಳಿಸುವ ಧೈರ್ಯ ಇವರಿಗಿರಲಿಲ್ಲ. ನಾನು ಓದಿ ಹೇಳಬೇಕು, ಟೈಪ್ ಮಾಡಬೇಕು, ಪ್ರತಿಗಳು ಮೊದಲು ಹೋಗಬೇಕು. ಮೂಲ ಯುದ್ಧ ಮುಗಿದ ಮೇಲೆ.

ಆ ಗೆಳೆಯ ನನಗೆ ಬಹಳ ಹಿಡಿಸಿಬಿಟ್ಟರು. ಪ್ರತಿ ಕಾಗದವನ್ನೂ ಅಡುಗೆಯವನನ್ನು ಬೈಯುತ್ತ ಶುರು ಮಾಡುತ್ತಿದ್ದರು. ಆಮೇಲೆ ಸೊಳ್ಳೆ, ಜ್ವರ, ರಕ್ತ, ಗಾಜಿನ ನಳಿಕೆ. ಕೊನೆಗೆ ಮಾವಿನಕಾಯಿ ಉಪ್ಪಿನಕಾಯಿ ಕಳಿಸು ಎಂದು ಒಂದು ಸಾಲು. ಡಾಕ್ಟರು ಕಳಿಸುತ್ತಿದ್ದರು. 'ಉಪ್ಪಿನಕಾಯಿ ನನಗಿಂತ ಆರೋಗ್ಯವಾಗಿ ಬಂದು ಸೇರಿತು' ಎಂದು ಅಲ್ಲಿಂದ ಉತ್ತರ. ನಾನು ಓದುತ್ತ ನಗುತ್ತಿದ್ದೆ, ಡಾಕ್ಟರು ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು.

ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅವಳದೇ ಬೇರೆ ವೈದ್ಯ. "ಹಳದಿ ಜ್ವರ ಅಂದ್ರೆ ಕಾಮಾಲೆ ತಾನೆ? ನೆಲನೆಲ್ಲಿ ಅರೆದು ಮಜ್ಜಿಗೇಲಿ ಕೊಟ್ರೆ ಆಯ್ತು. ಇದಕ್ಕೆ ಪೆಟ್ಟಿಗೆಗಟ್ಲೆ ಕಾಗದ ಬರ್ಕೊಂಡ್ರಾ?"

"ಅದು ಬೇರೆ ಇದು ಬೇರೆ ಕಣಮ್ಮಾ. ಇದು ಸೊಳ್ಳೆಯಿಂದ ಬರೋದು. ವಿಮಾನ ಹತ್ಕೊಂಡು ಒಂದು ಸೊಳ್ಳೆ ಬಂದ್ರೂ ಸಾಕಂತೆ, ನಿನ್ನ ಬಚ್ಚಲ ಹಂಡೇಲೇ ಮೊಟ್ಟೆ ಇಡುತ್ತಂತೆ."

"ನನ್ನ ಹಂಡೇ ಸುದ್ದಿಗೆ ಬಂದ್ರೆ ಸೊಳ್ಳೇನೂ ಬಿಡಲ್ಲ, ನಿಮ್ಮ ಡಾಕ್ಟ್ರನ್ನೂ ಬಿಡಲ್ಲ" ಅಂದಳು ಅಮ್ಮ.

ಹೀಗೇ ನಡೆಯುತ್ತಿರುವಾಗ ಕಾಗದಗಳಲ್ಲಿ ಕೋತಿ ಬಂತು. ಆ ಜ್ವರವನ್ನು ಪರೀಕ್ಷಿಸಲು ಅವರಿಗೆ ಒಂದು ಪ್ರಾಣಿ ಬೇಕಿತ್ತು. ಆಫ್ರಿಕದ ಕೋತಿಗೆ ಏನು ಚುಚ್ಚಿದರೂ ಅದು ಮೈ ಕೆರೆದುಕೊಂಡು ಬಾಳೆಹಣ್ಣು ತಿನ್ನುತ್ತಿತ್ತಂತೆ, ಜ್ವರವೇ ಬರುತ್ತಿರಲಿಲ್ಲ. 'ನಿಮ್ಮ ಕಡೆಯ ಕೋತಿಗಳನ್ನು ಕಳಿಸಿ ನೋಡು' ಎಂದು ಗೆಳೆಯ ಬರೆದಿದ್ದರು. ಡಾಕ್ಟರು ನನಗೆ ಬಿಡಿಸಿ ಹೇಳಿದರು: "ಅಲ್ಲಿನ ಕೋತಿ ಆ ಜ್ವರದ ಜೊತೆ ತಲೆತಲಾಂತರದಿಂದ ಸಂಸಾರ ಮಾಡಿದೆ. ನಮ್ಮದಕ್ಕೆ ಅದರ ಗುರುತೇ ಇಲ್ಲ. ತಗುಲಿದ ಕೂಡಲೇ ಮಲಗ್ತು." ನಮ್ಮ ದೇಶದ ಕೋತಿ ಮಲಗಿದ್ದರಿಂದಲೇ ಜ್ವರದ ಬೇರು ಅವರ ಕೈಗೆ ಸಿಕ್ಕಿತು. ಅಲ್ಲಿಂದ ದಾರಿ ತೆರೆದುಕೊಂಡು ಕೊನೆಗೆ ಸೂಜಿಮದ್ದು. ಆಫ್ರಿಕಕ್ಕೆ ಹೋಗುವ ನಮ್ಮ ಸಿಪಾಯಿಗಳಿಗೆ ಚುಚ್ಚುತ್ತಿದ್ದುದು ಅದನ್ನೇ.

ಒಂದು ದಿನ ಬೆಳಿಗ್ಗೆ ಓದುತ್ತಿದ್ದೇನೆ: 'ಕೋತಿಗಳು ಸುಖವಾಗಿ ಬಂದವು. ದಾರಿಯಲ್ಲಿ ಹೀಗೆ ಜೋಪಾನವಾಗಿ ನೋಡಿಕೊಂಡವರು ಯಾರೂ ಇಲ್ಲ. ನಿನ್ನ ಆ ಕಗ್ಗದಾಸಪುರದ ಮನುಷ್ಯನಿಗೆ ನನ್ನ ಸಲಾಮು ತಿಳಿಸು.' ಆ ಊರಿನ ಹೆಸರನ್ನು ಅವರು ಇಂಗ್ಲಿಷಿನಲ್ಲಿ ಹೇಗೋ ತಿರುಚಿ ಬರೆದಿದ್ದರು. ಆದರೂ ನನಗೆ ಗುರುತು ಸಿಕ್ಕಿತು. ಕಗ್ಗದಾಸಪುರದಲ್ಲಿ ಕೋತಿ ಹಿಡಿದವನು ಒಬ್ಬನೇ. ಅವನು ನನ್ನ ಸೋದರತ್ತೆಯ ಗಂಡ.

ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ಅವಳ ಗಂಡ ನಾನು ಸಣ್ಣವಳಿದ್ದಾಗ ತೋಪಿನ ಕೋತಿಗಳನ್ನು ಬೋನಿಟ್ಟು ಹಿಡಿದು ಯಾರೋ ದೊರೆಗಳಿಗೆ ಕೊಟ್ಟ, ಅವುಗಳ ಜೊತೆ ರೈಲಿನಲ್ಲಿ ಮದರಾಸಿನವರೆಗೂ ಹೋಗಿ ಹಡಗು ಹತ್ತಿಸಿ ಬಂದ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾವ ದೊರೆ, ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮರುವರ್ಷ ಅವನಿಗೆ ಹೊಲದಲ್ಲಿ ಹಾವು ಕಚ್ಚಿತು. ಆಂಜನೇಯನ ಮಕ್ಕಳನ್ನು ಕಡಲು ದಾಟಿಸಿ ಕೊಂದವನನ್ನು ಆಂಜನೇಯನೇ ಕೊಂದ ಎಂದಿತು ಊರು. ಅವನು ಸತ್ತ, ಮುಗಿಯಿತು. ಅನುಭವಿಸಿದವಳು ಅತ್ತೆ. ಅವಳ ಮನೆಯಲ್ಲಿ ಊರಿನವರು ಯಾರೂ ಒಂದು ಲೋಟ ನೀರು ಕುಡಿಯುತ್ತಿರಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಮಾಡಿ ನೆರೆಮನೆಗೆ ಕೊಟ್ಟರೆ ಬೇಡ ಎನ್ನುತ್ತಿರಲಿಲ್ಲ, ಇಸಕೊಂಡು ದನಕ್ಕೆ ಹಾಕುತ್ತಿದ್ದರು. ಅವಳ ಕಣ್ಣೆದುರೇ ಹಾಕುತ್ತಿದ್ದರು. ನಾವು ಹೋಗಿ ಉಣ್ಣುತ್ತಿದ್ದೆವು, ಆದರೆ ನಾವು ತವರಿನವರು, ನಮ್ಮ ಊಟ ಲೆಕ್ಕಕ್ಕಿಲ್ಲ. "ಸಾಯೋದ್ರೊಳ್ಗೆ ಊರಿನೋರು ಒಂದ್ಸಲ ನನ್ನ ಜಗಲಿ ಮೇಲೆ ಕೂತು ಉಂಡ್ರೆ ಸಾಕು ಕಣೇ, ಇನ್ನೇನೂ ಬೇಡ ನಂಗೆ" ಎನ್ನುತ್ತಿದ್ದಳು. ಅವಳ ಕೈಯಡುಗೆ ಎಷ್ಟು ಚೆಂದ ಎಂದರೆ, ಆ ಮಾತು ಕೇಳಿದಾಗಲೆಲ್ಲ ನನಗೆ ಅಳುವಲ್ಲ, ಸಿಟ್ಟು ಬರುತ್ತಿತ್ತು.

ಅದೇ ಸಿಟ್ಟು ಆವತ್ತು ಡಾಕ್ಟರ ಮೇಲೆ ತಿರುಗಿತು.

"ಈ ಕಗ್ಗದಾಸಪುರದ ಮನುಷ್ಯ ನಮ್ಮ ಅತ್ತೆ ಗಂಡ ಸಾರ್" ಅಂದೆ.

"ಹೌದಾ! ಬಹಳ ಒಳ್ಳೆಯವನಮ್ಮಾ. ಕೋತಿಗಳ ಜೊತೆ ಮಾತಾಡ್ತಾ ಇರ್ತಿದ್ದ. ಚೆನ್ನಾಗಿದಾನಾ?"

"ಸತ್ತು ಎಷ್ಟೋ ವರ್ಷ ಆಯ್ತು. ಅವ್ನ ಹೆಂಡ್ತಿ ಮನೇಲಿ ಇವತ್ತಿಗೂ ಯಾರೂ ನೀರು ಕುಡಿಯಲ್ಲ, ಕೋತಿ ಕೊಂದ ಮನೆ ಅಂತ. ಉಪ್ಪಿನಕಾಯಿ ಆಫ್ರಿಕಕ್ಕೆ ತಲುಪ್ತಾ ಅಂತ ವಿಚಾರಿಸ್ತಿದ್ರಿ ನೀವು. ಇಲ್ಲೇ ಮಗ್ಗುಲಲ್ಲಿರೋ ಊರು ಸಾರ್, ಒಂದು ಸಲ ಆದ್ರೂ ವಿಚಾರಿಸಿದ್ರಾ?"

ಕೆಲಸ ಹೋಯಿತು ಎಂದುಕೊಂಡೆ. ಹೋದರೆ ಹೋಗಲಿ ಎಂದೂ ಅಂದುಕೊಂಡೆ. ಡಾಕ್ಟರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಮತ್ತೆ ಒರೆಸಿದರು. ಮಾರನೇ ದಿನ ನಾನು ಬಾಗಿಲು ದಾಟುವ ಮುಂಚೆಯೇ ಅವರ ದನಿ ಕೇಳಿತು: "ಏನು ಮಾಡ್ಬೇಕು ಹೇಳು."

ಏನು ಮಾಡಬೇಕು ಎಂದು ನನಗೆ ಖಂಡಿತ ಗೊತ್ತಿತ್ತು. ಆ ವಯಸ್ಸಿನಲ್ಲಿ ನನಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಟೈಪ್ ಮಾಡಿದ ಪ್ರತಿಗಳನ್ನು ಒಂದು ರಟ್ಟಿನಲ್ಲಿ ಜೋಡಿಸಿಕೊಂಡು, ಭಾನುವಾರ ಅಪ್ಪನ ಜೊತೆ ಗಾಡಿ ಹತ್ತಿ ಕಗ್ಗದಾಸಪುರಕ್ಕೆ ಹೋದೆ. ಊರಿನ ಯಜಮಾನರು ಅರಳೀಕಟ್ಟೆಯ ಮೇಲೆ ಕೂತಿದ್ದರು. ವಯಸ್ಸಾದವರು, ಮೆತ್ತಗಿನ ಮಾತು, ಆದರೆ ಅವರು ತಲೆ ಆಡಿಸದೆ ಊರಿನಲ್ಲಿ ಒಂದು ಮದುವೆಯೂ ನಡೆಯುತ್ತಿರಲಿಲ್ಲ. ಅವರ ಮುಂದೆ ನಾನು ಕಾಗದಗಳನ್ನು ಕನ್ನಡದಲ್ಲಿ ಓದಿ ಹೇಳಿದೆ. ಜ್ವರ ಎಂಥದ್ದು, ಎಷ್ಟು ಊರು ಹಾಳಾದವು, ನಮ್ಮ ದೇಶದ ಕೋತಿಗಳಿಂದ ಹೇಗೆ ಗುಟ್ಟು ಬಯಲಾಯಿತು, ಈಗ ಎಷ್ಟು ಜೀವ ಉಳಿಯುತ್ತಿವೆ, ಎಲ್ಲ. ಚೆನ್ನಾಗಿಯೇ ಹೇಳಿದೆ. ಕಟ್ಟೆಯ ಸುತ್ತ ಜನ ಸೇರಿದರು, ಹೆಂಗಸರು ಬಾಗಿಲಲ್ಲಿ ನಿಂತರು.

ಯಜಮಾನರು ಪೂರ್ತಿ ಕೇಳಿದರು. ಕೇಳಿ, "ಸರಿ ಕಣವ್ವಾ. ಅದ್ಯಾರೋ ಬದ್ಕೊಂಡ್ರು, ಒಳ್ಳೇದಾಯ್ತು. ಸತ್ತವಕ್ಕೆ ಮಣ್ಣು ಹಾಕಿದ್ಯಾರು?" ಅಂದರು.

ನಾನು ರಟ್ಟು ಮಡಚಿದೆ. ಕೋತಿ ಸತ್ತರೆ ನಮ್ಮ ಕಡೆ ಹಾಗೇ ಬಿಸಾಡುವುದಿಲ್ಲ. ಹೂವು ಹಾಕಿ, ವಾದ್ಯ ಸಮೇತ ಹೊತ್ತು, ಮಣ್ಣು ಮಾಡಿ, ತಿಥಿ ಮಾಡಿ, ಊರಿಗೆಲ್ಲ ಊಟ ಹಾಕುತ್ತಾರೆ. ಮನುಷ್ಯರಿಗೆ ಮಾಡುವುದನ್ನೆಲ್ಲ ಮಾಡುತ್ತಾರೆ. ಈ ಕೋತಿಗಳಿಗೆ ಅದು ಯಾವುದೂ ಆಗಿರಲಿಲ್ಲ. ಊರಿನ ಸಂಕಟಕ್ಕೆ ಕೊಂದದ್ದಕ್ಕಿಂತ ಅದೇ ದೊಡ್ಡ ಕಾರಣ ಎಂದು ನನಗೆ ಆಗ ಹೊಳೆಯಿತು.

"ಹಂಗಾದ್ರೆ ತಿಥಿ ಮಾಡ್ಸೋಣ" ಅಂದೆ.

"ಯಾವತ್ತು ಸತ್ವು ಅಂತ ಗೊತ್ತಿಲ್ದೆ ತಿಥಿ ಹೆಂಗವ್ವಾ?"

"ಗೊತ್ತು ಮಾಡ್ತೀನಿ. ಗೊತ್ತು ಮಾಡಿದ್ರೆ ಅತ್ತೆ ಮನೇಲಿ ಊಟ ಮಾಡ್ತೀರಾ? ಈಗ್ಲೇ ಹೇಳ್ಬೇಕು, ಎಲ್ಲರ ಎದುರಿಗೆ."

ಅಪ್ಪ ಹಿಂದಿನಿಂದ ನನ್ನ ಸೆರಗು ಜಗ್ಗಿದರು. ಯಜಮಾನರು ಜನರ ಮುಖ ನೋಡಿದರು. "ಕ್ರಮವಾಗಿ ಆದ್ರೆ ಉಣ್ಣದೇ ಇರಕ್ಕೆ ನಮಗೇನು ಹಗೆಯಾ? ಉಣ್ತೀವಿ" ಅಂದರು. ದೂರದಲ್ಲಿ ತನ್ನ ಜಗಲಿಯ ಮೇಲೆ ನಿಂತಿದ್ದ ಅತ್ತೆಗೆ ಅದು ಕೇಳಿಸಿತು. ಅವಳು ಕಂಬ ಹಿಡಿದುಕೊಂಡಳು.

"ಕೋತಿಗೆ ತಿಥಿಯಾ!" ಎಂದು ಡಾಕ್ಟರು ಮೊದಲು ಹುಬ್ಬೇರಿಸಿದರು. ಆಮೇಲೆ ಅವರಿಗೇ ಅವಸರ. ಆ ಕಟ್ಟು ಬಿಚ್ಚು, ಈ ಕಟ್ಟು ಬಿಚ್ಚು, ಅವನು ತಾರೀಖು ಹಾಕದೆ ಒಂದು ಸಾಲೂ ಬರೆಯುವವನಲ್ಲ ಎಂದು ನನ್ನನ್ನು ಕೂರಲು ಬಿಡಲಿಲ್ಲ. ನಿಜ, ಗೆಳೆಯ ಹಾಗೇ ಬರೆದಿದ್ದರು: ಬೆಂಗಳೂರಿನಿಂದ ಬಂದವುಗಳಲ್ಲಿ ಮೊದಲನೆಯದು ಇವತ್ತು ಬೆಳಿಗ್ಗೆ ಸತ್ತಿತು, ಅದಕ್ಕೆ ನಾನು ಕೃತಜ್ಞ, ಅಡುಗೆಯವನು ಇವತ್ತೂ ಅನ್ನ ಸೀಯಿಸಿದ. ನಾನು ಆ ತಾರೀಖು ಬರೆದುಕೊಂಡೆ.

ಅದರ ಕೆಳಗಿನ ಕಟ್ಟಿನಲ್ಲಿ ಬೇರೆ ಯಾರದೋ ಕೈಬರಹದ ಒಂದು ಕಾಗದವಿತ್ತು. ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಲೇ ಅದೇ ಜ್ವರ ಗೆಳೆಯನಿಗೂ ತಗುಲಿ, ಅವರೂ ತೀರಿಕೊಂಡರು ಎಂಬ ಸುದ್ದಿ. ನಾನು ಓದುತ್ತ ಓದುತ್ತ ದನಿ ಇಳಿಸಿದೆ. ಉಪ್ಪಿನಕಾಯಿ ಕೇಳುತ್ತಿದ್ದ ಮನುಷ್ಯ ಇಷ್ಟು ಬೇಗ ಮುಗಿದುಹೋದರೆಂದು ನಂಬಲಾಗದೆ ನನಗೆ ಅಳುವೇ ಬಂತು. ಡಾಕ್ಟರಿಗೆ ಅದು ಹಳೆಯ ಸುದ್ದಿ. ಆದರೂ ಕಿಟಕಿಯ ಕಡೆ ತಿರುಗಿದರು. "ಅವನಿಗೂ ಒಂದು ಎಲೆ ಹಾಕ್ಸಿಬಿಡಮ್ಮಾ. ಅವನಿಗೆ ಹಿಂದೆ ಮುಂದೆ ಯಾರೂ ಇರ್ಲಿಲ್ಲ" ಅಂದರು.

ಇಂಗ್ಲಿಷ್ ತಾರೀಖನ್ನು ತಿಥಿ ಮಾಡಲು ಹಲಸೂರಿನ ಜೋಯಿಸರ ಹತ್ತಿರ ಹೋದೆ. ಹಳೆಯ ಪಂಚಾಂಗಗಳನ್ನೆಲ್ಲ ಅವರು ಅಟ್ಟದ ಮೇಲೆ ಕಟ್ಟಿಟ್ಟಿದ್ದರು. ಆ ವರ್ಷದ್ದನ್ನು ಇಳಿಸಿ, ಧೂಳು ಊದಿ, ಬೆರಳಿಟ್ಟು ನೋಡಿ, ಪುಷ್ಯ ಮಾಸದಲ್ಲಿ ಬರುತ್ತದೆ ಎಂದು ತಿಥಿ ಹೇಳಿದರು. ಯಾರಿಗೆ ಎಂದು ಕೇಳಿದರು, ಹೇಳಿದೆ.

"ಗೋತ್ರ ಯಾವುದು ಅಂತ ಹೇಳ್ಲಮ್ಮಾ ಕೋತಿಗೆ?"

"ಸದ್ಯಕ್ಕೆ ನಿಮ್ಮದೇ ಹಾಕ್ಕೊಳ್ಳಿ ಸ್ವಾಮಿ, ಬೇರೆ ಸಿಕ್ಕಿದ್ರೆ ಹೇಳ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಓಡಿಬಂದೆ.

ಕಗ್ಗದಾಸಪುರದ ಆಂಜನೇಯನ ಗುಡಿಯ ಪೂಜಾರಿ ಹೊಸಕೋಟೆ ಕಡೆಯಿಂದ ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನವನು. ಕ್ರಮವೆಲ್ಲ ಅವನೇ ಹೇಳಿದ. ತೋಪಿನಲ್ಲಿ ಎಡೆ ಇಡಬೇಕು. ಮನುಷ್ಯರ ತಿಥಿಯಲ್ಲಿ ಕಾಗೆ ಮುಟ್ಟಿದ ಮೇಲೆ ತಾನೆ ಊಟ, ಇದು ಕೋತಿಯ ತಿಥಿ, ಆದ್ದರಿಂದ ಕೋತಿ ಬಂದು ಎಡೆ ಮುಟ್ಟಬೇಕು, ಆಮೇಲೆ ಊರಿನವರು ಅತ್ತೆಯ ಮನೆಯಲ್ಲಿ ಉಣ್ಣಬಹುದು. ಸರಿಯಾದ ಮಾತು ಎಂದು ನಾನೂ ತಲೆಯಾಡಿಸಿದೆ. ಯಜಮಾನರು ಒಂದು ಗಳಿಗೆ ಪೂಜಾರಿಯ ಮುಖ ನೋಡಿದರು, ಏನೋ ಹೇಳಲು ಹೊರಟವರು ಎಲೆ ಅಡಿಕೆ ಹಾಕಿಕೊಂಡು ಸುಮ್ಮನಾದರು. ಮಿಕ್ಕವರೂ ಏನೂ ಅನ್ನಲಿಲ್ಲ. ಅತ್ತೆ ಮಾತ್ರ "ಆಗ್ಲಿ ಸ್ವಾಮಿ, ಹಂಗೇ ಮಾಡಣ" ಅಂದಳು.

ಆ ದಿನ ಬಂತು. ಪುಷ್ಯದ ಚಳಿ, ಊರಿನ ಸುತ್ತ ಹೊಲದ ತುಂಬ ಅವರೆಯ ಸೊಗಡು. ಅತ್ತೆ ಕೋಳಿ ಕೂಗುವ ಮುಂಚೆ ಎದ್ದು ಒಲೆ ಹಚ್ಚಿದ್ದಳು. ಅಮ್ಮ, ನಾನು ಕೈ ಜೋಡಿಸಿದೆವು. ಅಕ್ಕಿ ಸಿಗದ ಕಾಲ, ಆದರೆ ಪಾಯಸಕ್ಕೆ ಬೆಲ್ಲ ಇತ್ತು, ರಾಗಿ ಇತ್ತು, ಹೊಸ ಅವರೆಕಾಳಿನ ಸಾರು ಕುದಿದು ಬೀದಿಗೆಲ್ಲ ಘಮ್ಮೆನ್ನುತ್ತಿತ್ತು. ಡಾಕ್ಟರು ಜಟಕಾದಲ್ಲಿ ಬಂದು, ಕೋಲು ಊರಿಕೊಂಡು, ಕೇಳಿ ಕೇಳಿ ಹೆಜ್ಜೆ ಇಡುತ್ತ ತೋಪಿಗೆ ನಡೆದರು. ಊರೆಲ್ಲ ಬಂದಿತ್ತು. ಪೂಜಾರಿ ಆಲದ ಮರದ ಕೆಳಗೆ ಎಡೆ ಹಾಕಿಸಿದ, ಪಕ್ಕದಲ್ಲಿ ಆ ಗೆಳೆಯನಿಗೊಂದು ಎಲೆ. ಅದಕ್ಕೆ ಉಪ್ಪಿನಕಾಯಿ ಜಾಸ್ತಿ ಬಡಿಸಿ ಎಂದರು ಡಾಕ್ಟರು. ಅಮ್ಮ ಬಡಿಸಿದಳು.

ಆಮೇಲೆ ಎಲ್ಲರೂ ದೂರ ಸರಿದು ಕೋತಿ ಬರಲೆಂದು ಕಾದೆವು.

ಬಿಸಿಲು ಏರಿತು. ಕೋತಿ ಬರಲಿಲ್ಲ. ಪೂಜಾರಿ ಚಪ್ಪಾಳೆ ತಟ್ಟಿ ಕರೆದ. ಒಬ್ಬರು ಬಾಳೆಹಣ್ಣು ಎತ್ತಿ ತೋರಿಸಿದರು, ಮತ್ತೊಬ್ಬರು ತುಟಿ ಮುಂದೆ ಮಾಡಿ ಕೋತಿಯ ಹಾಗೇ ಕೂಗಿದರು, ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಕಾಗೆಗಳು ಬಂದವು, ಅವುಗಳನ್ನು ಓಡಿಸಿದೆವು. "ಕೃಷ್ಣರಾಜಪುರದ ಕಡೆ ಇರ್ಬೋದು, ಹೋಗಿ ಒಂದು ಹಿಡ್ಕೊಂಡು ಬರೋಣ್ವಾ?" ಎಂದು ಯಾರೋ ಕೇಳಿದರು. ಆ ಮಾತಿಗೆ ಮಾತ್ರ ಯಾರೂ ನಗಲಿಲ್ಲ. ಕೇಳಿದವರೂ ತಲೆ ತಗ್ಗಿಸಿದರು.

"ಇಲ್ಲಿ ಕೋತಿಗಳು ಎಷ್ಟು ಹೊತ್ತಿಗೆ ಬರ್ತಾವೆ?" ಎಂದು ಪೂಜಾರಿ ಕೇಳಿದ. ಪಾಪ, ಅವನಿಗೇನು ಗೊತ್ತು. ನಾನು ತಲೆ ಎತ್ತಿ ಮರಗಳನ್ನು ನೋಡಿದೆ. ಸಣ್ಣವಳಿದ್ದಾಗಿನಿಂದ ಎಷ್ಟೋ ಸಲ ಬಂದ ಊರು. ಬುದ್ಧಿ ತಿಳಿದ ಮೇಲೆ ಇಲ್ಲಿ ಒಂದು ಕೋತಿಯನ್ನೂ ನಾನು ಕಂಡಿರಲಿಲ್ಲ. ಮಾವ ಒಂದನ್ನೂ ಬಿಡದೆ ಹಿಡಿದು ಕಳಿಸಿದ್ದ. ಅದು ನನಗೊಬ್ಬಳಿಗೇ ಈಗ ಹೊಳೆದದ್ದು. ಮಿಕ್ಕವರಿಗೆಲ್ಲ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ಯಜಮಾನರ ಕಡೆ ತಿರುಗುವಷ್ಟರಲ್ಲಿ ಅತ್ತೆ ಬಂದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಯಲ್ಲಿ ಸಾರಿನ ಸೌಟು ಹಾಗೇ ಇತ್ತು. ಊರಿನ ಗಂಡಸರ ಎದುರು ಅವಳು ದನಿ ಎತ್ತಿದ್ದನ್ನು ನಾನು ನೋಡಿರಲೇ ಇಲ್ಲ.

"ಯಾರಿಗ್ ಕಾಯ್ತಿದೀರಾ ದೊಡ್ಡಯ್ಯಾ? ಕೋತಿ ಎಲ್ಲೈತೆ ಬರಕ್ಕೆ?"

ಯಜಮಾನರು ನೆಲ ನೋಡಿದರು.

"ಒಂದೂ ಬಿಡ್ಬೇಡ, ಎಲ್ಲಾ ಹಿಡ್ಕೊಂಡು ಹೋಗು ಅಂತ ಅವ್ನ ಕೈ ಹಿಡ್ಕೊಂಡು ಹೇಳಿದ್ದು ಯಾರು? ಆ ಅರಳೀಕಟ್ಟೆ ಮೇಲೆ ಕೂತು ಹೇಳ್ಲಿಲ್ವಾ ನೀವು? ಅವರೆ ಹೊಲ ಉಳೀತಿಲ್ಲ, ರಾಗಿ ತೆನೆ ಉಳೀತಿಲ್ಲ, ಹೆಂಗಸ್ರು ಮಕ್ಳು ಹೊಲ ಕಾದು ಸಾಕಾಯ್ತು ಅಂತ. ಬೋನಿಗೆ ಹಾಕಕ್ಕೆ ಕಡಲೆಕಾಯಿ ಕೊಟ್ಟಿದ್ದು ನಿಮ್ಮನೆಯಿಂದಾನೇ. ಅವ್ನು ಹಿಡ್ದ. ನಿಮ್ಮ ಹೊಲ ಉಳೀತು. ಆವತ್ನಿಂದ ಇವತ್ನವರ್ಗೂ ಕಾವಲಿಲ್ದೆ ಬೆಳ್ಕೊಂಡು ತಿಂತಿದೀರಿ. ಈ ಅವರೆಕಾಯಿ ಎಲ್ಲಿಂದ ಬಂತು ಅನ್ಕೊಂಡ್ರಿ?" ಅವಳು ಎಡೆಯ ಕಡೆ ಸೌಟು ತೋರಿಸಿದಳು. "ನನ್ನ ಮನೇಲಿ ಉಂಡಿಲ್ಲ, ಉಂಡಿಲ್ಲ ಅಂತೀರಲ್ಲ. ದಿನಾ ನನ್ನ ಮನೆ ಊಟಾನೇ ಕಣ್ರಪ್ಪಾ ನೀವು ಉಣ್ತಿರೋದು!"

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಎನ್ನುತ್ತಾರೆ. ಇಲ್ಲಿ ಕೋತಿಯೇ ಇರಲಿಲ್ಲ. ಮೊಸರು ತಿಂದವರೆಲ್ಲ ನನ್ನ ಎದುರು ಸಾಲಾಗಿ ನಿಂತಿದ್ದರು. ಇಷ್ಟು ವರ್ಷ ಅತ್ತೆ ಈ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬದುಕಿದ್ದಳು. ಹೇಳಿದರೆ ಕೇಳುವವರು ಯಾರಿದ್ದರು? ಊರೆಲ್ಲ ಒಂದು ಕಡೆ ಸೇರಿ, ಎಡೆಯ ಮುಂದೆ ಸುಮ್ಮನೆ ನಿಲ್ಲುವ ದಿನ ಅವಳಿಗೆ ಬೇಕಿತ್ತು. ಪೂಜಾರಿ ಕ್ರಮ ಹೇಳಿದಾಗಲೇ ಅವಳಿಗೆ ಅದು ಸಿಕ್ಕಿತ್ತು.

ಡಾಕ್ಟರು ಕೋಲೂರಿ ಎರಡು ಹೆಜ್ಜೆ ಮುಂದೆ ಬಂದರು. "ಆ ಕೋತಿಗಳನ್ನ ಕೊಂಡವನು ನಾನಮ್ಮಾ" ಎಂದು ಶುರು ಮಾಡಿದರು.

"ನೀವು ಸುಮ್ನಿರಿ ಸ್ವಾಮಿ. ಇದು ನಮ್ಮೂರ ಮಾತು" ಅಂದಳು ಅತ್ತೆ. ಡಾಕ್ಟರು ಹಿಂದೆ ಸರಿದರು.

ಯಜಮಾನರು ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಪೂಜಾರಿಯನ್ನೂ ಕೇಳಲಿಲ್ಲ, ಊರನ್ನೂ ಕೇಳಲಿಲ್ಲ. ತೋಪಿನಿಂದ ನೇರ ಅತ್ತೆಯ ಮನೆಗೆ ನಡೆದು, ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಎಲೆ ಹಾಕವ್ವಾ" ಅಂದರು. ಅವರ ಹೆಂಡತಿ ಬಂದು ಪಕ್ಕದಲ್ಲಿ ಕೂತರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಜಗಲಿ ಸಾಲದೆ ಅಂಗಳಕ್ಕೆ ಎಲೆ ಹಾಕಿದೆವು. ಡಾಕ್ಟರನ್ನು ಅಪ್ಪ ಕೈ ಹಿಡಿದು ತಂದು ಕೂರಿಸಿದರು.

ಅಮ್ಮ ಮುದ್ದೆ ಇಟ್ಟಳು, ನಾನು ಪಾಯಸ ಬಡಿಸಿದೆ. ಸಾರು ಬಡಿಸಬೇಕಾದವಳು ಅತ್ತೆ. ಅಷ್ಟು ಮಾತಾಡಿದವಳು ಈಗ ಪಾತ್ರೆ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತುಬಿಟ್ಟಿದ್ದಳು. "ಬಾರತ್ತೇ" ಎಂದು ನಾನು ಪಿಸುಗುಟ್ಟಿದೆ. ಅವಳು ಬಂದು ಯಜಮಾನರ ಎಲೆಗೆ ಸಾರು ಬಿಟ್ಟಳು. ಅವರು ಮುದ್ದೆ ಮುರಿದು, ಅದ್ದಿ, ನುಂಗಿದರು. ಮತ್ತೆ ಮುರಿದರು, ಮತ್ತೆ ನುಂಗಿದರು. ಎಲೆಯ ಮೇಲೆ ಮುದ್ದೆ ಮುಗಿಯುತ್ತ ಬಂತು. ಅತ್ತೆ ಅಲ್ಲೇ ನಿಂತಿದ್ದಳು.

"ಇನ್ನೊಂದ್... ಇನ್ನೊಂದ್ ಚೂರು ಹಾಕ್ಲಾ ದೊಡ್ಡಯ್ಯಾ?" ಅಂದಳು ಕೊನೆಗೆ.

"ಹಾಕವ್ವಾ" ಅಂದರು ಅವರು.